ಅಕ್ಕನ ಮೇಲೆ ಹದಿನೆಂಟು ಕಿಲೋ ಸೀಸ

ರೇಸಿನಲ್ಲಿ ಬಾಜಿ ಕಟ್ಟಿ ಗೆದ್ದವರು ತಮ್ಮ ಹಣ ಪಡೆಯುವ ಮುನ್ನ ಮೈಮೇಲೆ ಸೀಸ ಹೊರತಕ್ಕದ್ದು ಎಂಬ ನಿಯಮ ನಮ್ಮ ರೇಸ್‌ಕೋರ್ಸಿನಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಜಾರಿಗೆ ಬಂತು. ಅದಕ್ಕೆ ಮೊದಲು ಭೂಮಿಯ ಮೇಲೆ ಇಂಥ ನಿಯಮ ಎಲ್ಲೂ ಇರಲಿಲ್ಲ. ಅದನ್ನು ನಡೆಸಿಕೊಟ್ಟ ಮೊದಲ ಕೈ ನನ್ನದು. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ, ಆದರೆ ಇದ್ದದ್ದನ್ನು ಮುಚ್ಚಿಡುವುದೂ ಸರಿಯಲ್ಲ.

ನಲವತ್ತು ವರ್ಷದಿಂದ ನಾನು ಅಲ್ಲಿಯ ತೂಕದ ಕೋಣೆಯಲ್ಲಿ ಸೀಸ ಹಾಕುವವನು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚೆನ್ನಾಗಿ ಓಡುವ ಕುದುರೆಯ ಜೀನಿನ ಕೆಳಗೆ ಜೇಬುಗಳಿರುವ ದಪ್ಪ ಬಟ್ಟೆ ಹಾಸಿ, ಆ ಜೇಬುಗಳಲ್ಲಿ ಸೀಸದ ಪಟ್ಟಿ ಇಡುತ್ತಾರೆ. ಎಷ್ಟು ಚೆನ್ನಾಗಿ ಓಡುತ್ತದೋ ಅಷ್ಟು ಸೀಸ. ಕೆಟ್ಟದಾಗಿ ಓಡುವ ಕುದುರೆಗೆ ಏನೂ ಇಲ್ಲ. ಇದಕ್ಕೆ ಸಮಾನತೆ ಎನ್ನುತ್ತಾರೆ. ನಾನು ತಕ್ಕಡಿ ನೋಡಿದವನಲ್ಲ. ಪಟ್ಟಿಯನ್ನು ಅಂಗೈಮೇಲೆ ಇಟ್ಟರೆ ಸಾಸಿವೆಯಷ್ಟು ಹೆಚ್ಚುಕಮ್ಮಿಯೂ ಗೊತ್ತಾಗುತ್ತದೆ. ಒಂದು ಸಲ ಬಿರುಗಾಳಿಗೆ ಗ್ಯಾಲರಿಯ ತಗಡಿನ ಚಾವಣಿ, ಅದನ್ನು ಹಿಡಿದುಕೊಂಡಿದ್ದ ಅಧ್ಯಕ್ಷರ ಸಮೇತ, ಆಳೆತ್ತರ ಮೇಲೆದ್ದಾಗ ನಾನೇ ಎಗರಿ ಅವರ ಕೋಟಿನ ಜೇಬಿಗೆ ಸೀಸ ತುಂಬಿ ನೆಲಕ್ಕಿಳಿಸಿದೆ. ನಂಬದವರು ಅಧ್ಯಕ್ಷರನ್ನೇ ಕೇಳಬಹುದಿತ್ತು. ಅವರು ಈಗಿಲ್ಲ.

ನಮ್ಮಲ್ಲಿ ರೇಸು ಶನಿವಾರ ಮತ್ತು ಭಾನುವಾರ. ಶುಕ್ರವಾರ ‘ವಾರಾಂತ್ಯದ ಅಧಿಕೃತ ಮುನ್ಸೂಚನೆ’ ಎಂಬ ಹಳದಿ ಹಾಳೆ ಹೊರಡುತ್ತಿತ್ತು. ಜನ ಅದನ್ನು ಟಿಪ್ಸ್ ಎನ್ನುತ್ತಿದ್ದರು, ಹಾಗೆನ್ನಬಾರದೆಂದು ಸುತ್ತೋಲೆಯಿತ್ತು. ಅದನ್ನು ತಯಾರಿಸಲು ಐದು ಜನ ತಜ್ಞರ ಸಮಿತಿ. ಅವರಿಗೆ ತಿರುಗುವ ಕುರ್ಚಿ, ತಲಾ ಒಂದು ದುರ್ಬೀನು, ಮಧ್ಯಾಹ್ನ ಮಲಗಲು ಪ್ರತ್ಯೇಕ ಕೋಣೆ. ಲಾಯದ ಕಡೆಗೆ ಮಾತ್ರ ಅವರು ಸುಳಿಯುತ್ತಿರಲಿಲ್ಲ. ಕುದುರೆಯ ವಾಸನೆ ಬಡಿದರೆ ನಿಷ್ಪಕ್ಷಪಾತ ಕೆಡುತ್ತದೆ ಎಂದು ಅವರ ನಂಬಿಕೆ.

ಏಳು ವರ್ಷದಲ್ಲಿ ಸಮಿತಿ ಹೇಳಿದ ಒಂದು ಕುದುರೆಯೂ ಗೆದ್ದಿರಲಿಲ್ಲ. ಇದು ಸಾಮಾನ್ಯದ ಕೆಲಸವಲ್ಲ. ಕಣ್ಣು ಮುಚ್ಚಿ ಬೆರಳಿಟ್ಟರೂ ತಿಂಗಳಿಗೆ ಮೂರು ನಾಲ್ಕು ಸರಿಯಾಗುತ್ತವೆ; ಒಂದೂ ಸರಿಯಾಗದಂತೆ ನೋಡಿಕೊಳ್ಳಲು ತಜ್ಞರೇ ಬೇಕು. ಪ್ರತಿ ಸೋಮವಾರ ಸ್ಪಷ್ಟೀಕರಣ ಅಂಟಿಸುತ್ತಿದ್ದರು: “ಮುನ್ಸೂಚನೆ ಸರಿಯಾಗಿಯೇ ಇತ್ತು. ಕುದುರೆಗಳು ಅದಕ್ಕನುಗುಣವಾಗಿ ಓಡಲಿಲ್ಲ. ಸಂಬಂಧಪಟ್ಟ ಕುದುರೆಗಳಿಂದ ವಿವರಣೆ ಕೇಳಲಾಗಿದೆ.” ಜನ ತಲೆಯಾಡಿಸಿ, ಮುಂದಿನ ಶುಕ್ರವಾರ ಮತ್ತೆ ಹಳದಿ ಹಾಳೆಗೆ ಸಾಲು ನಿಲ್ಲುತ್ತಿದ್ದರು. ಅವರಲ್ಲಿ ನಾನೂ ಒಬ್ಬ.

ನನ್ನ ಅಕ್ಕ, ನನಗಿಂತ ಮೂರು ವರ್ಷ ದೊಡ್ಡವಳು, ಲಾಯದ ಪಕ್ಕದ ತಗಡಿನ ಕೊಠಡಿಯಲ್ಲಿ ಆ ಜೀನಿನ ಬಟ್ಟೆಗಳನ್ನು ಹೊಲಿಯುತ್ತಿದ್ದಳು, ಒಗೆಯುತ್ತಿದ್ದಳು. ಬೆಳಗಿನ ಓಟ ಮುಗಿಸಿ ಬಂದ ಕುದುರೆಗಳ ಬಟ್ಟೆ ಒಣಗಿದಾಗ ಬೆವರಿನ ಉಪ್ಪು ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಯಾವ ಬಟ್ಟೆಯಲ್ಲಿ ಉಪ್ಪು ಕಮ್ಮಿಯೋ ಆ ಕುದುರೆಗೆ ದಣಿವು ಕಮ್ಮಿ, ಅದೇ ಗೆಲ್ಲುತ್ತದೆ. ಅಕ್ಕ ಉಗುರಿನಿಂದ ಒಂದು ಸಲ ಕೆರೆದು ನೋಡಿ ನಂಬರು ಹೇಳುತ್ತಿದ್ದಳು, ತಪ್ಪಿದ್ದೇ ಇಲ್ಲ. ಹೇಳುತ್ತಿದ್ದದ್ದು ನನಗೊಬ್ಬನಿಗೆ. ಆದರೆ ಅಕ್ಷರ ಬಾರದ ಹೆಂಗಸಿನ ಮಾತು ಕೇಳಿ ಬಾಜಿ ಕಟ್ಟುವಷ್ಟು ದಡ್ಡ ನಾನಲ್ಲ. ಆಗ ಅಕ್ಷರ ನನಗೂ ಬರುತ್ತಿರಲಿಲ್ಲ, ನಿಜ. ಹಳದಿ ಹಾಳೆ ಅಚ್ಚಾದದ್ದು.

ಅಕ್ಕನೂ ತನಗಾಗಿ ಎಂದೂ ಬಾಜಿ ಕಟ್ಟಿದವಳಲ್ಲ, ಹಲ್ಲು ಉದುರುವ ತನಕ. ಅವಳು ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು. “ಕತ್ತರಿ ಎತ್ತಿ ಇಡೋಷ್ಟರಲ್ಲಿ ಇನ್ನೊಂದು ಜೇಬು ಹೊಲಿದಿರ್ತೀನಿ” ಅನ್ನುತ್ತಿದ್ದಳು. ಮುಂದಿನ ಹಲ್ಲುಗಳು ಹೋದಮೇಲೆ ದಾರ ಒಸಡಿನಲ್ಲಿ ಜಾರತೊಡಗಿತು. ದಿನಕ್ಕೆ ಇಪ್ಪತ್ತು ಬಟ್ಟೆ ಹೊಲಿಯುತ್ತಿದ್ದವಳು ಹನ್ನೊಂದಕ್ಕೆ ಇಳಿದಳು. ಹದಿನೈದಕ್ಕಿಂತ ಕಮ್ಮಿಯಾದರೆ ಕೆಲಸದಿಂದ ತೆಗೆಯಬೇಕೆಂದು ನಿಯಮ. ಮೇಲ್ವಿಚಾರಕ ತಿಂಗಳ ಕೊನೆಯ ತನಕ ಗಡುವು ಕೊಟ್ಟ. ಹಲ್ಲಿನ ಡಾಕ್ಟ್ರು ಹೊಸ ಹಲ್ಲಿನ ಸೆಟ್‌ಗೆ ಹೇಳಿದ ಬೆಲೆಗೆ ಅಕ್ಕನ ಲೆಕ್ಕದಲ್ಲಿ ಆರು ಗೆಲುವು ಬೇಕಿತ್ತು.

ಮೂರು ವಾರಾಂತ್ಯ, ವಾರಕ್ಕೊಂದು ಟಿಕೆಟ್, ಮೂರೂ ಗೆದ್ದಳು. ಸಮಿತಿ ತುರ್ತು ಸಭೆ ಸೇರಿತು. ಶುಕ್ರವಾರ ಹನ್ನೊಂದು ಇಪ್ಪತ್ತಕ್ಕೆ ಧ್ವನಿವರ್ಧಕ ಗಂಟಲು ಸರಿಪಡಿಸಿಕೊಂಡಿತು:

“ಸತತ ಮೂರು ವಾರಾಂತ್ಯ ಗೆಲ್ಲುವ ಪ್ರೇಕ್ಷಕರು ಉಳಿದ ಪ್ರೇಕ್ಷಕರ ಮನೋಬಲ ಕುಗ್ಗಿಸುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಕುದುರೆಗಳ ವಿಷಯದಲ್ಲಿ ಪಾಲಿಸಲಾಗುತ್ತಿರುವ ಸಮಾನತೆಯನ್ನು ಇನ್ನು ಮುಂದೆ ಮನುಷ್ಯರಿಗೂ ವಿಸ್ತರಿಸಲಾಗಿದೆ. ಅಂಥವರು ನಿಗದಿತ ಸೀಸ ಧರಿಸಿ, ಓಟ ಮುಗಿದ ಹತ್ತು ನಿಮಿಷದೊಳಗೆ, ಮೂರನೇ ಮಹಡಿಯ ಪಾವತಿ ಕೌಂಟರಿಗೆ ಸ್ವಂತ ಕಾಲಿನಲ್ಲಿ ಬರತಕ್ಕದ್ದು. ತಪ್ಪಿದಲ್ಲಿ ಟಿಕೆಟ್ ರದ್ದು.”

ಪಾವತಿ ಕೌಂಟರು ಅಲ್ಲಿಯವರೆಗೆ ನೆಲಮಹಡಿಯಲ್ಲಿತ್ತು. ಹನ್ನೊಂದೂವರೆಗೆ ಅದನ್ನು ಮೇಲಕ್ಕೆ ಹೊತ್ತೊಯ್ದರು.

ನಾನು ಕಾರ್ಯದರ್ಶಿಯ ಬಳಿ ಹೋದೆ. “ಸಾರ್, ಮನುಷ್ಯರಿಗೆ ಜೀನಿಲ್ಲವಲ್ಲ, ಸೀಸ ಎಲ್ಲಿಡೋದು?”

“ಕೋಟು ಹೊಲಿಸಯ್ಯಾ, ಜೇಬಿರೋದು. ನಿಮ್ಮಕ್ಕ ಇದ್ದಾರಲ್ಲ.”

“ಅವಳ ಅಳತೆಗೇ ಹೊಲಿಸಲಾ?”

“ಛೆ ಛೆ! ಒಬ್ಬರನ್ನ ಗುರಿ ಇಟ್ಕೊಂಡು ನಿಯಮ ಮಾಡೋ ಹಾಗಿಲ್ಲ. ಸಾರ್ವಜನಿಕ ಅಳತೆ. ಎತ್ತರ ನಾಲ್ಕಡಿ ಹತ್ತಿಂಚು, ಎಡಭುಜ ಒಂಚೂರು ಇಳಿದಿರಬೇಕು.”

ಅಕ್ಕ ಅಳತೆಯನ್ನು ನನ್ನ ಬಾಯಿಂದ ಕೇಳಿ ತನ್ನ ಎಡಭುಜ ಮುಟ್ಟಿ ನೋಡಿಕೊಂಡಳು.

“ಲೋ, ಇದು ನನ್ನ ಅಳತೆ ಅಲ್ವೇನೋ?”

“ಸಾರ್ವಜನಿಕ ಅಳತೆ ಅಕ್ಕ.”

“ಸಾರ್ವಜನಿಕರಿಗೂ ಎಡಭುಜ ಇಳಿದಿರುತ್ತಾ?”

“ಇಳಿದಿರುತ್ತಂತೆ.”

ಅವಳು ಜೇಬುಗಳಿಗೆ ಎರಡೆರಡು ಸಾಲು ಹೊಲಿಗೆ ಹಾಕಿದಳು. ಕೆಲಸದಲ್ಲಿ ಮೋಸ ಮಾಡಿದವಳಲ್ಲ. ಇಡೀ ರೇಸ್‌ಕೋರ್ಸಿನಲ್ಲಿ ಆ ನಿಯಮದ ಕೆಳಗೆ ಬರುತ್ತಿದ್ದವಳು ಅವಳೊಬ್ಬಳೇ. ಉಳಿದ ಹತ್ತು ಸಾವಿರ ಜನ ಹಳದಿ ಹಾಳೆಯವರು.

ಶನಿವಾರ ಆರು ಕಿಲೋ. ನಾನೇ ಹಾಕಿದೆ, ಎರಡೂ ಕಡೆ ಸಮ. ಅಕ್ಕ ಎಪ್ಪತ್ತೆರಡು ಮೆಟ್ಟಿಲು ಹತ್ತಿ ಆರು ನಿಮಿಷದಲ್ಲಿ ಕೌಂಟರು ತಲುಪಿದಳು. ಅಷ್ಟು ಬೇಗ ತಲುಪಿದ್ದು ಸೀಸ ಸಾಲದೆಂಬುದಕ್ಕೆ ಸಾಕ್ಷಿಯೆಂದು ದಾಖಲಾಯಿತು. ಭಾನುವಾರ ಹನ್ನೆರಡು ಕಿಲೋ. ಎರಡನೇ ಮಹಡಿಯ ತಿರುವಿನಲ್ಲಿ ಕೂತು ಕೆಮ್ಮಿದಳು. ಆದರೂ ಎಂಟು ನಿಮಿಷಕ್ಕೆ ತಲುಪಿದಳು. ಐದು ಗೆಲುವು ಆಯಿತು. ಆ ಹೊತ್ತಿಗೆ ಮುಂದಿನ ಓಟದ ಕುದುರೆಗಳು ಕಂಬ ದಾಟುತ್ತಿದ್ದವು, ಗ್ಯಾಲರಿಯಲ್ಲಿ ಒಬ್ಬನೂ ಆ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಬೆನ್ನು ತಿರುಗಿಸಿ ಮೆಟ್ಟಿಲ ಕಡೆ ಕತ್ತು ಚಾಚಿದ್ದರು.

ಸಮಿತಿ ಜನರ ಅಪೇಕ್ಷೆಗೆ ಬೆಲೆ ಕೊಡುವ ಸಂಸ್ಥೆ. ಮುಂದಿನ ಶುಕ್ರವಾರದ ಹಳದಿ ಹಾಳೆಯನ್ನು ಚಹಾ ಅಂಗಡಿಯವ ನನಗೆ ಗಟ್ಟಿಯಾಗಿ ಓದಿ ಹೇಳಿದ:

“ಭಾನುವಾರ, ಕೊನೆಯ ಓಟದ ನಂತರ: ಹೊಲಿಗೆಯ ಹೆಂಗಸು. ವಯಸ್ಸು ಅರವತ್ತೈದು, ಸ್ವಂತ ಹೇಳಿಕೆ. ಭಾರ ಹದಿನೆಂಟು ಕಿಲೋ. ಮೆಟ್ಟಿಲು ಒಣಗಿವೆ, ಅಂಚು ಸವೆದಿವೆ. ಬಲ ಮೊಣಕಾಲು ಸಂಶಯಾಸ್ಪದ. ಹಿಂದಿನ ಪ್ರದರ್ಶನ ಉತ್ತಮ, ಉಸಿರು ಸಾಧಾರಣ. ಸಮಿತಿಯ ಅಭಿಪ್ರಾಯ: ತಲುಪಲಾರಳು. ಧೈರ್ಯವಾಗಿ ಕಟ್ಟಬಹುದು.”

“ನಿಮ್ಮಕ್ಕ ಪೇಪರಲ್ಲಿ ಬಂದ್ಬಿಟ್ರಲ್ಲಪ್ಪಾ!” ಎಂದು ಅವನು ಅಂದು ನನ್ನಿಂದ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಅಕ್ಕ ಶನಿವಾರ ಬಾಜಿ ಕಟ್ಟದೆ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡಳು. ಭಾನುವಾರವೇ ತಿಂಗಳ ಕೊನೆ. ಸೋಮವಾರ ಮೇಲ್ವಿಚಾರಕ ಬಟ್ಟೆ ಎಣಿಸುವವನಿದ್ದ. ಕೊನೆಯ ಓಟದಲ್ಲಿ ಅವಳ ನಾಲ್ಕನೇ ನಂಬರು ಎರಡು ಕುದುರೆಯುದ್ದ ಮುಂದೆ ಬಂತು, ಮತ್ತು ಅವಳು ತೂಕದ ಕೋಣೆಗೆ ಬಂದು ನನ್ನೆದುರು ಕೈ ಎತ್ತಿ ನಿಂತಳು.

“ಲೋ ತಮ್ಮಾ, ಎರಡು ಪಟ್ಟಿ ಮರೆತ್ಬಿಡೋ.”

“ಹೇಗಕ್ಕ ಮರೆಯೋದು? ನನ್ನ ಕೈಗೆ ಗೊತ್ತಾಗುತ್ತಲ್ಲ.”

“ನಿನ್ನ ಕೈಗೆ ಹೇಳು, ಇವಳು ನಿನ್ನ ಎತ್ತಿ ಆಡಿಸಿದೋಳು ಅಂತ.”

“ಅಕ್ಕಾ, ನಲವತ್ತು ವರ್ಷದಲ್ಲಿ ಒಂದು ಗ್ರಾಂ ತಪ್ಪಿಲ್ಲ. ಇವತ್ತು ತಪ್ಪಿದ್ರೆ ನಾಳೆ ಜನ ಏನಂತಾರೆ?”

“ಜನಕ್ಕೆ ನಾಳೆ ನೆನಪಿರುತ್ತೇನೋ ಮಂಕೆ?”

ನಾನು ಹದಿನೆಂಟು ಕಿಲೋ ಹಾಕಿದೆ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿ ಇಲ್ಲ. ಕಾರ್ಯದರ್ಶಿ ನನ್ನ ಬೆನ್ನು ತಟ್ಟಿದರು. ಅಂದಹಾಗೆ, ಅವಳು ತಲುಪಲಾರಳು ಎಂದು ನಾನೂ ಒಂದು ಟಿಕೆಟ್ ಕೊಂಡಿದ್ದೆ. ತಪ್ಪು ತಿಳಿಯಬೇಡಿ. ಸಂಸ್ಥೆಯ ಅನ್ನ ತಿಂದು ಸಂಸ್ಥೆಯ ಮುನ್ಸೂಚನೆಗೆ ವಿರುದ್ಧ ಕಟ್ಟುವುದು ಶಿಸ್ತಲ್ಲ.

ಎರಡೂ ಕೈಯಲ್ಲಿ ಕಂಬಿ ಹಿಡಿಯಬೇಕಾದ್ದರಿಂದ ಅಕ್ಕ ಟಿಕೆಟನ್ನು ಬಾಯಲ್ಲಿ ಕಚ್ಚಿಕೊಂಡಳು. ಮೊದಲ ಮಹಡಿಯ ತನಕ ಜನ ಶಿಳ್ಳೆ ಹೊಡೆದರು. ಎರಡನೇ ಮಹಡಿಯಲ್ಲಿ ಅವಳು ಕೂರಲಿಲ್ಲ. ಕೂತರೆ ಏಳಲಾರೆನೆಂದು ಗೊತ್ತಿತ್ತು. ಗೋಡೆಗೆ ಹಣೆ ಒರಗಿಸಿ ನಿಂತಳು. “ಬೀಳ್ತಾಳೆ, ಬೀಳ್ತಾಳೆ!” ಎಂದು ಸಮಿತಿಯ ಐವರೂ ದುರ್ಬೀನಿನಲ್ಲಿ ನೋಡುತ್ತ ಹೇಳಿದರು. ಅವರು ಹಾಗೆ ಹೇಳಿದಮೇಲೆ ಬೀಳುವ ಪ್ರಶ್ನೆಯೇ ಇರಲಿಲ್ಲ. ಕೊನೆಯ ಇಪ್ಪತ್ತು ಮೆಟ್ಟಿಲು ಮೊಣಕೈ ಊರಿ ಹತ್ತಿ, ಒಂಬತ್ತು ನಿಮಿಷ ಐವತ್ತೆರಡು ಸೆಕೆಂಡಿಗೆ ಕೌಂಟರಿನ ಕಿಂಡಿಯಲ್ಲಿ ಬಾಯಿ ಇಟ್ಟಳು.

ಗುಮಾಸ್ತ ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿದ. ಹಲ್ಲಿನ ಗುರುತಿದ್ದರೆ ಅದು ವಿರೂಪಗೊಂಡ ಟಿಕೆಟ್, ರದ್ದು. ಗುರುತಿರಲಿಲ್ಲ. ಗೆಲುವು ಊರ್ಜಿತವಾಯಿತು. ಕೆಳಗೆ ಹತ್ತು ಸಾವಿರ ಜನ ಟಿಕೆಟ್ ಹರಿದು ಚೆಲ್ಲಿದರು.

ಅಷ್ಟರಲ್ಲಿ ಕುದುರೆ ಡಾಕ್ಟ್ರು ಬಂದರು, ಜೊತೆಗೆ ಕಾರ್ಯದರ್ಶಿ.

“ಬಾಯಿ ತೆಗೀರಮ್ಮ.”

“ಯಾಕೆ ಡಾಕ್ಟ್ರೇ?”

“ವಯಸ್ಸು ನೋಡ್ಬೇಕು. ನಾವು ಹಲ್ಲಲ್ಲೇ ನೋಡೋದು.”

“ಅರವತ್ತೈದು ಅಂತ ಹೇಳ್ತಾ ಇದ್ದೀನಲ್ಲ.”

“ಬಾಯಿ ಮಾತು ನಡೆಯಲ್ಲ. ನಾಳೆ ಕುದುರೆಗಳೂ ಹಾಗೇ ಶುರು ಮಾಡ್ತವೆ.”

ಏಳು ಹಲ್ಲು ಎಣಿಸಿ ಬರೆದುಕೊಂಡರು. ಕಾರ್ಯದರ್ಶಿ ಕನ್ನಡಕ ಏರಿಸಿ ಓದಿದರು: “ನೋಂದಾಯಿತ ಓಟಗಾರರ ಬಾಯಿಗೆ ನೋಂದಣಿಯ ನಂತರ ಹಲ್ಲು ಸೇರಿಸುವುದು ವಯಸ್ಸು ಮರೆಮಾಚುವ ವಂಚನೆಯಾಗಿರುತ್ತದೆ.”

“ನಾನು ಯಾವಾಗ ನೋಂದಣಿ ಆದೆ ಸಾಹೇಬ್ರೇ?”

“ಹಳದಿ ಹಾಳೇಲಿ ಬಂದ ದಿನವೇ. ಓದಲಿಲ್ವಾ?”

“ಹಲ್ಲಿಲ್ದೆ ದಾರ ಹೇಗೆ ಕಡೀಲಿ? ನಾಳೆ ಕೆಲಸದಿಂದ ತೆಗೀತಾರೆ.”

“ತೆಗೆದಾಯ್ತಮ್ಮ. ಓಟಗಾರರು ಹೊಲಿಯೋ ಹಾಗಿಲ್ಲ. ಇನ್ಮೇಲೆ ನಿಮಗೆ ದಿನಕ್ಕೆರಡು ಹೊತ್ತು ನೆನೆಸಿದ ಬೂಸಾ, ಅಗಿಯೋ ಕಷ್ಟವೇ ಇಲ್ಲ. ಹದಿನಾಲ್ಕನೇ ಲಾಯ ಖಾಲಿ ಇದೆ, ಫ್ಯಾನ್ ಹಾಕಿಸಿದೀವಿ.”

ಅಕ್ಕನ ತಗಡಿನ ಕೊಠಡಿಯಲ್ಲಿ ಮೂವತ್ತು ವರ್ಷದಿಂದ ಫ್ಯಾನ್ ಇರಲಿಲ್ಲ.

“ತಿರುಗುತ್ತಾ?”

“ತಿರುಗುತ್ತೆ.”

“ಮತ್ತೆ ನಾನು ಗೆದ್ದ ದುಡ್ಡು?”

“ಕುದುರೆ ಗೆದ್ರೆ ದುಡ್ಡು ಕುದುರೆಗೆ ಕೊಡ್ತಾರೇನಮ್ಮಾ? ಮಾಲೀಕರಿಗೆ.” ಅವರು ನನ್ನ ಕಡೆ ತಿರುಗಿದರು. “ಹತ್ತಿರದ ಗಂಡಸು ನೀನೇ ತಾನೇ? ಹಿಂದಿನ ಐದರದ್ದೂ ಅವರ ಗಂಟಿಂದ ಬಿಚ್ಚಿಸ್ಕೊ. ಇಲ್ಲಿ ಹೆಬ್ಬೆಟ್ಟು ಒತ್ತು.”

ಬೇಡ ಅನ್ನಬೇಕೆಂದುಕೊಂಡೆ. ಆದರೆ ನಾನು ಮಾಲೀಕನಾಗದಿದ್ದರೆ ಅಕ್ಕ ವಾರಸುದಾರರಿಲ್ಲದ ಪ್ರಾಣಿಯಾಗುತ್ತಾಳೆ, ಹರಾಜು ಹಾಕಬೇಕಾಗುತ್ತದೆ ಎಂದರು. ರಕ್ತಸಂಬಂಧ ನೋಡಿ ಒತ್ತಿದೆ. ಆ ದುಡ್ಡಿನಲ್ಲಿ ಒಂದು ದುರ್ಬೀನು ಕೊಂಡೆ. ಮಾಲೀಕರ ಸಾಲಿನಲ್ಲಿ ಅದಿಲ್ಲದೆ ಕೂರುವುದು ಚೆನ್ನಾಗಿರುವುದಿಲ್ಲ. ಅಲ್ಲಿ ಕೂತು ಕೂತೇ ಅಕ್ಷರವನ್ನೂ ಕಲಿತೆ, ಹನ್ನೊಂದೇ ದಿನದಲ್ಲಿ.

ಮುಂದಿನ ತಿಂಗಳು ಸಮಿತಿ ಅಕ್ಕನನ್ನು ಖಚಿತವಾಗಿ ತಲುಪುವವಳು ಎಂದು ಘೋಷಿಸಿತು, ಮತ್ತು ಅಂದಿನಿಂದ ಅವಳು ಒಮ್ಮೆಯೂ ತಲುಪಲಿಲ್ಲ. ರೇಸ್‌ಕೋರ್ಸು ಹಿಂದೆಂದೂ ಕಾಣದಷ್ಟು ತುಂಬಿತು. ನೋಂದಣಿ ಕಚೇರಿಯ ಮುಂದೆ ಜನ ತಮ್ಮ ತಮ್ಮ ಅತ್ತೆ, ಚಿಕ್ಕಪ್ಪ, ಸೋದರಮಾವಂದಿರ ಕೈ ಹಿಡಿದು ಬೆಳಗಿನಿಂದಲೇ ಸಾಲು ನಿಂತರು. ಮೇಲ್ವಿಚಾರಕ ತಾನೇ ಬಂದು ಬಾಯಿ ತೆರೆದ. ಹಲ್ಲು ಪೂರ್ತಿ ಇದ್ದುದರಿಂದ ಎಳೆಯದೆಂದು ವಾಪಸು ಕಳಿಸಿದರು, ಪಾಪ, ಅತ್ತುಬಿಟ್ಟ.

ಮೊನ್ನೆ ಭಾನುವಾರವೂ ಅಕ್ಕ ತೂಕದ ಕೋಣೆಗೆ ಬಂದು ಕೈ ಎತ್ತಿ ನಿಂತಳು. ನಾನು ಪಟ್ಟಿಗಳನ್ನು ಇಡುತ್ತ ಬಂದೆ.

“ಲೋ, ಹೋದ ವಾರಕ್ಕಿಂತ ಕಮ್ಮಿ ಇದ್ಯಲ್ಲ?”

“ಎರಡು ಕಿಲೋ ಇಳಿಸಿದಾರೆ ಅಕ್ಕ. ಸತತವಾಗಿ ಸೋತಿದ್ದಕ್ಕೆ ರಿಯಾಯಿತಿ.”

“ಕೇಳದೇನೇ?”

“ಕೇಳದೇನೇ.”

“ಒಳ್ಳೇ ಜನ ಕಣೋ,” ಎಂದಳು ಅಕ್ಕ, ಮತ್ತು ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲ ಕಡೆಗೆ ನಡೆದಳು.