ತೃಪ್ತಿಯ ಗುಂಡಿ

ಎಲ್ಲಕ್ಕೂ ಕಾರಣ ಮೂವತ್ತೊಂದನೇ ಮನೆಯ ಮುಂದೆ ಚರಂಡಿಗೆ ಮುಚ್ಚಿದ್ದ ಒಂದು ಕಲ್ಲುಚಪ್ಪಡಿ. ಅದರ ಒಂದು ಮೂಲೆಯ ಕೆಳಗೆ ಮಣ್ಣು ಕುಸಿದು, ಕಾಲಿಟ್ಟವರಿಗೆಲ್ಲ ‘ಡಬ್’ ಎಂದು ಉತ್ತರ ಕೊಡುತ್ತಿತ್ತು. ಹಿಂದಿನಂತಾಗಿದ್ದರೆ ಆ ಡಬ್ಬು ಬಡಾವಣೆ ಸಂಘದ ದೂರಿನ ನೋಟ್‌ಬುಕ್ಕಿನಲ್ಲಿ ಒಂದು ಸಾಲಾಗಿ ಮಲಗಿ ನಾಲ್ಕು ದಿನಕ್ಕೆ ತಾನೇ ತಣ್ಣಗಾಗುತ್ತಿತ್ತು. ಈಗ ನೋಟ್‌ಬುಕ್ ಹೋಗಿ ಆ್ಯಪ್ ಬಂದಿತ್ತು. ಆ್ಯಪ್‌ಗೆ ಮರೆವು ಎಂಬುದಿರಲಿಲ್ಲ.

ಸಂಘದ ಕಾರ್ಯದರ್ಶಿ ಮೂವತ್ತು ವರ್ಷ ಹೊಲಗಳ ಮೇಲೆ ಅಳತೆಯ ಸರಪಳಿ ಎಳೆದು ನಿವೃತ್ತರಾದ ಭೂಮಾಪಕರು. ಬಡಾವಣೆಯ ನಲವತ್ತೆರಡು ಮನೆಗಳಿಗೂ ಅವರು ಸರಪಳಿ ಸಾಹೇಬರು. ಒಂದು ವರ್ಷದ ಮಟ್ಟಿಗೆ ಎಂದು ಹೆಗಲು ಕೊಟ್ಟ ನೊಗ ಒಂಬತ್ತು ವರ್ಷವಾದರೂ ಇಳಿದಿರಲಿಲ್ಲ. ಈ ಒಂಬತ್ತು ವರ್ಷದಲ್ಲಿ ಅವರು ಒಂದು ಸಂಜೆಯೂ ಚಹಾವನ್ನು ಬಿಸಿಯಾಗಿ ಕುಡಿದವರಲ್ಲ. ಲೋಟ ತುಟಿಗಿಡುವ ಹೊತ್ತಿಗೆ ಯಾರಾದರೂ ಗೇಟಿನ ಕೋಣೆಯ ಮುಂದೆ ಬಂದು, ದಾರ ಕಟ್ಟಿ ತೂಗುಹಾಕಿದ್ದ ನೋಟ್‌ಬುಕ್ ಎಳೆದುಕೊಂಡು, “ಸಾಹೇಬ್ರೇ, ಒಂದ್ನಿಮಿಷ” ಎನ್ನುವರು. ಆ ಒಂದು ನಿಮಿಷಕ್ಕೆ ಎಮ್ಮೆ ಮೆಲುಕು ಹಾಕುವಷ್ಟು ಉದ್ದವಿರುತ್ತಿತ್ತು.

ಕೊನೆಗೆ ಹದಿನೇಳನೇ ಮನೆಯ ಕಂಪ್ಯೂಟರ್ ಮೇಡಂ ನೊಗ ಹೊರಲು ಒಪ್ಪಿದ್ದರು. ಆ್ಯಪ್ ಮಾಡಿಸಿದವರೂ ಅವರೇ. ಷರತ್ತು ಒಂದೇ.

“ವಾರ್ಷಿಕ ಸಭೆ ದಿನ ಸಂಜೆ ಆರಕ್ಕೆ ಬಾಕಿ ದೂರು ಸೊನ್ನೆ ಇರ್ಬೇಕು ಸಾರ್. ನಿಮ್ಮ ಕಾಲದ್ದು ನನ್ನ ತಲೆಗೆ ಬೇಡ. ಸೊನ್ನೆ ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ.”

“ನಿಯಮಾನೇ ಮಾಡ್ಬಿಡೋಣ ಮೇಡಂ,” ಎಂದು ಸಾಹೇಬರು ತಾವೇ ಬರೆದು, ತಾವೇ ಸಹಿ ಹಾಕಿದ್ದರು. ಜನ ಸಂಕೋಚವಿಲ್ಲದೆ ಹೇಳಿಕೊಳ್ಳಲಿ ಎಂದು, ಹೆಸರು ಹಾಕದೆಯೂ ದೂರು ಕೊಡಬಹುದು ಎಂಬ ಇನ್ನೊಂದು ನಿಯಮ ಸೇರಿಸಿದವರೂ ಅವರೇ. ದೂರು ಕೊಟ್ಟವರಿಗೆ ತಾನಾಗಿ ಹೋಗುವ ಉತ್ತರವನ್ನೂ ಅವರೇ ತಿದ್ದಿ ತೀಡಿದ್ದರು: ‘ನಿಮ್ಮ ಅಹವಾಲು ಗಮನಕ್ಕೆ ಬಂದಿದೆ. ಕಾರ್ಯದರ್ಶಿಗಳು ಶೀಘ್ರವೇ ನಿಮ್ಮನ್ನು ಭೇಟಿಯಾಗುತ್ತಾರೆ.’ ಕೆಲಸ ಮುಗಿದ ಮೇಲೆ ದೂರು ಕೊಟ್ಟವರು ‘ತೃಪ್ತಿ’ ಎಂಬ ಹಸಿರು ಗುಂಡಿ ಒತ್ತಬೇಕು. ಅವರು ಒತ್ತುವವರೆಗೆ ದೇವರು ಬಂದರೂ ದೂರು ಮುಗಿಯದು.

ಇವತ್ತು ವಾರ್ಷಿಕ ಸಭೆ. ಬಾಕಿ ಎರಡು.

ಬೆಳಗ್ಗೆ ಸಾಹೇಬರು ಹಿತ್ತಲಲ್ಲಿ ಹನ್ನೆರಡನೇ ಗೂಟ ಹೊಡೆಯುತ್ತಿದ್ದರು. ನಾಳೆಯಿಂದ ಸಿಗುವ ಬಿಡುವಿಗಾಗಿ ಅವರು ಒಂಬತ್ತು ವರ್ಷದಿಂದ ಮನಸ್ಸಿನಲ್ಲಿ ಸಾಕಿಕೊಂಡು ಬಂದ ಆಸೆ ಅದು: ಹಿತ್ತಲನ್ನು ಅಳೆದು, ಪಾತಿ ತೆಗೆದು, ಪ್ರತಿ ಗಿಡವನ್ನೂ ಅದರದರ ಸಾಲಿನಲ್ಲಿ ನಿಲ್ಲಿಸುವುದು. ಹೆಂಡತಿಯ ಕೈಯಲ್ಲಿ ಆ ಜಾಗ ದನ ನುಗ್ಗಿ ಹೋದ ಹೊಲದಂತಾಗಿದೆ ಎಂಬುದು ಅವರ ಅಭಿಪ್ರಾಯ. ಕುಂಬಳದ ಬಳ್ಳಿ ಟೊಮೆಟೊ ಗಿಡವನ್ನು ಬಳಸಿ, ಬಟ್ಟೆ ಒಗೆಯುವ ಕಲ್ಲನ್ನು ಹತ್ತಿ, ನೀರಿನ ತೊಟ್ಟಿಯ ಮೇಲೆ ಕಾಲು ಚಾಚಿ ಮಲಗಿತ್ತು. ಆದರೂ ಕಾಯಿಗೆ ಬರವಿರಲಿಲ್ಲ. ಅದನ್ನು ಸಾಹೇಬರು ಗಮನಿಸಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ಗೂಟದಿಂದ ಗೂಟಕ್ಕೆ ಬಿಗಿದ ನೀಲಿ ದಾರವನ್ನು ನೋಡಿದರು.

“ಏನ್ರೀ, ಆ ಬಳ್ಳಿ ದಾರದಿಂದ ಆಚೆ ಹೋಗಿದೆಯಲ್ಲ?”

“ಕತ್ತರಿಸಿದ್ರಾಯ್ತು. ಗಡಿ ಅಂದ್ಮೇಲೆ ಗಡಿ.”

ಆಕೆ ಒಳಗೆ ಹೋದರು. ತಮ್ಮ ಮೊಬೈಲ್ ಹಿಡಿದು ಬಂದು, ಅದನ್ನು ಅವರತ್ತ ಚಾಚಿ, “ಬಡಾವಣೇಲಿ ಎಲ್ಲರ ಹತ್ರನೂ ಆ್ಯಪ್ ಇದೆಯಂತೆ, ಕಾರ್ಯದರ್ಶಿ ಹೆಂಡ್ತಿಗೇ ಇಲ್ಲ ಅಂತ ಪಕ್ಕದ ಮನೆಯವ್ರು ನಕ್ರು. ಒಂಚೂರು ಹಾಕ್ಕೊಡಿ,” ಎಂದರು.

ಸಾಹೇಬರ ಎದೆ ಉಬ್ಬಿತು. ಎಲ್ಲಿ ಒತ್ತಬೇಕು, ಎಲ್ಲಿ ಬರೆಯಬೇಕು, ಎಲ್ಲವನ್ನೂ ಎರಡೆರಡು ಸಲ ಹೇಳಿಕೊಟ್ಟರು.

“ಹೆಸರು ಹಾಕದಿದ್ರೂ ನಡೆಯುತ್ತಾ?”

“ನಡೆಯುತ್ತೆ. ಆ ನಿಯಮ ನನ್ನದೇ,” ಎಂದು ಹೇಳಿ, ಹಾರೆ ಹೆಗಲಿಗೇರಿಸಿ ಅವರು ಹೊರಟರು.

ಮನೆಯ ಗೇಟು ದಾಟುವಷ್ಟರಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು ಜೊತೆಯಾದರು. ಬಡಾವಣೆಯಲ್ಲಿ ಯಾರು ಯಾವ ಕೆಲಸಕ್ಕೆ ಹೊರಟರೂ ಸಲಹೆ ಹಿಡಿದು ಹಿಂದೆ ನಡೆಯುವುದು ಅವರ ವ್ಯಾಯಾಮ.

ಮೂವತ್ತೊಂದನೇ ಮನೆಯ ಹೆಡ್‌ಮೇಡಂ ಶಾಲೆ ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಸಾಹೇಬರು ಬೆವರು ಸುರಿಸುತ್ತ ಚಪ್ಪಡಿ ಎತ್ತಿ, ಅಡಿಗೆ ಕಲ್ಲುಚೂರು ಕೊಟ್ಟು, ಮಣ್ಣು ತುಂಬಿ, ಮೇಲೆ ನಿಂತು ಕುಣಿದು ತೋರಿಸುವವರೆಗೂ ಆಕೆ ಕೈಕಟ್ಟಿ ನೋಡಿದರು. ಕಲ್ಲು ಉಸಿರೆತ್ತಲಿಲ್ಲ.

“ಒತ್ಬಿಡಿ ಮೇಡಂ ತೃಪ್ತಿ.”

“ಹೇಗ್ರೀ ಒತ್ಲಿ? ಶಬ್ದಾನೇ ನಿಂತ್ಹೋಯ್ತಲ್ಲ!”

“ಶಬ್ದ ಬರುತ್ತೆ ಅಂತಾನೇ ಅಲ್ವಾ ನೀವು ದೂರು ಕೊಟ್ಟಿದ್ದು?”

“ಕೊಟ್ಟೆ. ಆದ್ರೆ ಯೋಚ್ನೆ ಮಾಡಿ. ನನ್ನ ಕಿವಿ ಸ್ವಲ್ಪ ಮಂದ. ಒಳಗಿದ್ರೆ ಕರೆಗಂಟೆ ಕೇಳಲ್ಲ. ಆ ಡಬ್ ಮಾತ್ರ ನೆಲದಿಂದ ಕಾಲಿಗೆ ಬಂದು ತಾಗುತ್ತೆ. ಒಂದು ಡಬ್ ಅಂದ್ರೆ ಹಾಲಿನವನು. ಎರಡು ಅಂದ್ರೆ ನನ್ನ ಮಗಳು, ಅವಳು ಎರಡೂ ಕಾಲಿಟ್ಟು ನಿಂತ್ಕೊಂಡು ಚಪ್ಪಲಿ ಬಿಡ್ತಾಳೆ.”

“ಮತ್ತೆ ದೂರು ಯಾಕ್ ಕೊಟ್ರಿ ತಾಯೀ?”

ಹೆಡ್‌ಮೇಡಂ ರಸ್ತೆಯ ಕಡೆ ನೋಡಿದರು. “ನೋಟ್‌ಬುಕ್ ಇದ್ದಾಗ ಸಂಜೆ ಗೇಟ್ ತನಕ ಬರ್ತಿದ್ದೆ. ನೀವಿರ್ತಿದ್ರಿ, ಇನ್ನೂ ನಾಲ್ಕು ಜನ ಇರ್ತಿದ್ರು. ಒಂದು ಸಾಲು ಬರೆಯೋಕೆ ಒಂದು ಗಂಟೆ ಆಗ್ತಿತ್ತು. ಈಗ ಅಲ್ಲಿ ಯಾರಿದಾರೆ? ದೂರು ಕೊಟ್ರೆ ಕಾರ್ಯದರ್ಶಿಗಳು ಭೇಟಿಯಾಗ್ತಾರೆ ಅಂತ ಉತ್ತರ ಬಂತು. ಸರಿ, ಬರ್ಲಿ ಅಂದ್ಕೊಂಡೆ.”

ಒಂಬತ್ತು ವರ್ಷ ತಾನು ದೂರು ಬರೆಸಿಕೊಂಡೆನೋ, ಬೇರೇನನ್ನೋ ಬರೆಸಿಕೊಂಡೆನೋ ಎಂದು ಸಾಹೇಬರಿಗೆ ಒಂದು ಗಳಿಗೆ ಅನ್ನಿಸಿತು. ಗಂಟೆ ನೋಡಿಕೊಂಡರು. ಮತ್ತೆ ಚಪ್ಪಡಿ ಎತ್ತಿ, ತುಂಬಿದ ಮಣ್ಣನ್ನು ತೋಡಿ, ಕಲ್ಲುಚೂರು ಕಿತ್ತರು. ಕಾಲಿಟ್ಟರು. ಡಬ್! ಹೆಡ್‌ಮೇಡಂ ಮುಖ ಅರಳಿತು. ಗುಂಡಿ ಒತ್ತಿದರು.

‘ಟಿಂಗ್’ ಎಂದಿತು ಸಾಹೇಬರ ಮೊಬೈಲ್. ತೆಗೆದು ನೋಡಿದರೆ ಬಾಕಿ ಎರಡೇ ಇತ್ತು.

“ನಂದು ಒಂದು ಹಾಕ್ದೆ,” ಎಂದರು ಪೋಸ್ಟ್‌ಮಾಸ್ಟರು ವಿನಯದಿಂದ. “ಹಾರೆ ರಸ್ತೇಲಿ ಬಿದ್ದಿದೆ, ಯಾರಾದ್ರೂ ಎಡವ್ಬಹುದು ಅಂತ. ನಿಮ್ಗೇ ಸಹಾಯ ಆಗ್ಲಿ ಅಂತ.”

“ಇಗೋ ಎತ್ಕೊಂಡೆ! ಒತ್ರೀ ತೃಪ್ತಿ!”

“ಕನ್ನಡಕ ಮನೇಲಿದೆಯಲ್ಲ ಸಾಹೇಬ್ರೇ. ಹಾಕುವಾಗ ಅಂದಾಜಲ್ಲಿ ಹಾಕ್ದೆ. ತೃಪ್ತಿನ ಅಂದಾಜಲ್ಲಿ ಒತ್ತೋಕಾಗುತ್ತಾ?”

ಇನ್ನೊಂದು ದೂರು ಒಂಬತ್ತನೇ ಮನೆಯ ಟೈಲರನದು. ಬೀದಿದೀಪ ಮಲಗುವ ಕೋಣೆಯ ಕಿಟಕಿಗೆ ಹೊಡೆಯುತ್ತದೆ ಎಂದು. ಸಾಹೇಬರು ಕರೆಸಿದ ಎಲೆಕ್ಟ್ರಿಷಿಯನ್ ಏಣಿ ಹತ್ತಿ ದೀಪದ ಮೂತಿಯನ್ನು ಆಚೆ ತಿರುಗಿಸಿದ. ಆಚೆ ಮನೆಯ ಟ್ಯಾಕ್ಸಿ ಚಾಲಕ ನಿದ್ದೆಗಣ್ಣಲ್ಲೇ ಹೊರಗೆ ಬಂದ.

“ಅಣ್ಣಾ, ರಾತ್ರಿ ಹುಳ ಎಲ್ಲಾ ನನ್ನ ಕಾರಿನ ಮೇಲೆ ಬಂದು ಸಾಯ್ಬೇಕಾ? ದೂರು ಹಾಕ್ತೀನಿ ನೋಡಿ.”

ಟಿಂಗ್. ಮೂರು. ದೀಪ ಈಚೆಗೆ ತಿರುಗಿತು. ಟೈಲರ್ ಕತ್ತರಿ ಹಿಡಿದೇ ಓಡಿಬಂದ. ದೀಪ ಆಚೆಗೆ ಹೋಯಿತು. ಏಣಿ ರಸ್ತೆಗೆ ಅಡ್ಡವಾಗಿದೆ ಎಂದು ಪೋಸ್ಟ್‌ಮಾಸ್ಟರು ಅಂದಾಜಿನಲ್ಲಿ ಇನ್ನೊಂದು ಹಾಕಿದರು. ಟಿಂಗ್. ನಾಲ್ಕು. ಮೂರು ಗಂಟೆಯ ಬಿಸಿಲಿನಲ್ಲಿ ಸಾಹೇಬರು ಕೊಟ್ಟಿಗೆಯ ಬಾಗಿಲಲ್ಲಿ ಸಿಕ್ಕಿಕೊಂಡ ಎತ್ತಿನಂತೆ ಅತ್ತ ಇತ್ತ ತಲೆ ಹಾಕಿದರು.

ಆಮೇಲೆ ಹಳೆಯ ಭೂಮಾಪಕ ಎಚ್ಚೆತ್ತ. ಟೇಪು ತರಿಸಿದರು. ಕಂಬದಿಂದ ಕಿಟಕಿಗೆಷ್ಟು, ಕಾರಿಗೆಷ್ಟು ಅಳೆದರು. ಬಣ್ಣದ ಡಬ್ಬಿಯ ಮುಚ್ಚಳವೊಂದನ್ನು ಟೈಲರನ ಹಳೇ ಕತ್ತರಿಯಿಂದಲೇ ಕತ್ತರಿಸಿ ದೀಪಕ್ಕೆ ಹುಬ್ಬಿನಂತೆ ಕಟ್ಟಿಸಿದರು. ದೀಪ ಹಾಕಿಸಿ, ಕಿಟಕಿಯ ಬಳಿಯೂ ಕಾರಿನ ಬಳಿಯೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಕನ್ನಡಿ ಹಿಡಿಸಿ ಪರೀಕ್ಷಿಸಿದರು. ಎರಡು ಕಡೆಯೂ ಕನ್ನಡಿಯಲ್ಲಿ ದೀಪ ಕಾಣಲಿಲ್ಲ; ಬೆಳಕು ರಸ್ತೆಯ ನಟ್ಟನಡುವೆಯೇ ನಿಂತಿತು. ಟೈಲರ್ ಒತ್ತಿದ. ಚಾಲಕ ಒತ್ತಿದ. ಪೋಸ್ಟ್‌ಮಾಸ್ಟರನ್ನು ಸಾಹೇಬರೇ ತೋಳು ಹಿಡಿದು ಮನೆಗೆ ಕರೆದೊಯ್ದು, ಕನ್ನಡಕ ಮೂಗಿಗೇರಿಸಿ, ಎರಡು ಸಲ ಒತ್ತಿಸಿದರು. ಆಗ ಆರಕ್ಕೆ ಹತ್ತು ನಿಮಿಷವಿತ್ತು.

ಸಭಾಕೋಣೆಯಲ್ಲಿ ಹೆಂಗಸರ ಸಾಲಿನಲ್ಲಿ ಹೆಂಡತಿ ಮಾತ್ರ ಕಾಣಲಿಲ್ಲ. ಹಿತ್ತಲಿಗೆ ನೀರು ಬಿಡುವ ಹೊತ್ತು, ಇರಲಿ ಎಂದುಕೊಂಡರು. ಕಂಪ್ಯೂಟರ್ ಮೇಡಂ ಗೋಡೆಯ ಮೇಲೆ ಆ್ಯಪನ್ನು ದೊಡ್ಡದಾಗಿ ತೋರಿಸಿದರು. ಬಾಕಿ ಎಂಬಲ್ಲಿ ಕುಂಬಳಕಾಯಿ ಗಾತ್ರದ ಸೊನ್ನೆ. ಚಪ್ಪಾಳೆ ಬಿತ್ತು. ಸಾಹೇಬರು ಗೇಟಿನ ಕೋಣೆಯ ಬೀಗದ ಕೈ ಮುಂದೆ ಚಾಚಿದರು. ಮೇಡಂ ಕೈ ನೀಡಿದರು. ನಾಳೆ ಸಂಜೆಯ ಬಿಸಿ ಚಹಾದ ಹಬೆ ಸಾಹೇಬರ ಮೂಗಿಗೆ ಬಡಿಯಿತು.

ಟಿಂಗ್.

ಗೋಡೆಯ ಮೇಲೆ ಸೊನ್ನೆ ಹೋಗಿ ಒಂದು ಬಂತು. ಮೇಡಂ ಜೋರಾಗಿ ಓದಿದರು:

“‘ನಮ್ಮ ಹಿತ್ತಲಲ್ಲಿ ಯಾರೋ ಹನ್ನೆರಡು ಗೂಟ ಹೊಡೆದು ನೀಲಿ ದಾರ ಕಟ್ಟಿದ್ದಾರೆ. ಬಳ್ಳಿಗೆ ಕಾಲು ಚಾಚಲು ಜಾಗವಿಲ್ಲ. ಅದರ ಪಾಡಿಗೆ ಅದು ಕಾಯಿ ಬಿಡುತ್ತಿತ್ತು. ಗೂಟ ಕೀಳುವವರೆಗೂ ತೃಪ್ತಿ ಒತ್ತುವುದಿಲ್ಲ.’ ಹೆಸರಿಲ್ಲ.”

“ನಂದಲ್ಲಪ್ಪ,” ಎಂದರು ಪೋಸ್ಟ್‌ಮಾಸ್ಟರು. “ನಾನು ಹೆಸರು ಹಾಕದೆ ಕೊಡೋನಲ್ಲ.”

“ಯಾರ್ರೀ ಅವ್ನು, ಬೇರೆಯವ್ರ ಹಿತ್ತಲಿಗೆ ನುಗ್ಗಿ ಗೂಟ ಹೊಡೆಯೋನು?” ಎಂದು ಹೆಡ್‌ಮೇಡಂ ಗುಡುಗಿದರು. “ಹಿಡಿದು ಕೇಳ್ಬೇಕು!”

“ನಮ್ಮ ಸಾಹೇಬ್ರು ಬಿಡ್ತಾರಾ? ನಾಳೇನೇ ಹುಡುಕ್ತಾರೆ,” ಎಂದ ಟೈಲರ್.

ಸಾಹೇಬರು ಬಾಯಿ ತೆರೆದರು. ಅದು ನನ್ನದೇ ಹಿತ್ತಲು, ಬರೆದವಳು ನನ್ನವಳೇ ಎಂದುಬಿಡಬಹುದಿತ್ತು. ನಲವತ್ತೊಂದು ಮನೆಯ ಮುಖಗಳನ್ನು ನೋಡಿ ಬಾಯಿ ಮುಚ್ಚಿದರು. ಮೇಡಂ ನೀಡಿದ ಕೈ ಹಿಂದೆಗೆದುಕೊಂಡರು.

“ನಿಯಮ ನೀವೇ ಬರೆದಿದ್ದು ಸಾರ್. ಮುಂದಿನ ವರ್ಷ ನೋಡೋಣ.”

ಮತ್ತೆ ಚಪ್ಪಾಳೆ ಬಿತ್ತು, ಮೊದಲಿನದಕ್ಕಿಂತ ಜೋರಾಗಿ.

ಮನೆಗೆ ಬಂದರೆ ಹೆಂಡತಿ ಬಳ್ಳಿಗೆ ನೀರು ಬಿಡುತ್ತಿದ್ದರು.

“ಸೊನ್ನೆ ಆಯ್ತೇನ್ರೀ?”

“ಒಂದು ಉಳೀತು.”

“ಅಯ್ಯೋ ಪಾಪ. ಯಾರದ್ದೋ ಏನೋ,” ಎಂದು ಆಕೆ ಪೈಪನ್ನು ಟೊಮೆಟೊ ಕಡೆ ತಿರುಗಿಸಿದರು.

ಸಾಹೇಬರು ಪಂಚೆ ಎತ್ತಿಕಟ್ಟಿ ಒಂದೊಂದಾಗಿ ಗೂಟ ಕಿತ್ತರು. ಬೆಳಗ್ಗೆಯಷ್ಟೇ ಬಿಗಿದ ದಾರಕ್ಕೆ ಕುಂಬಳದ ಎಳೆ ತಂತು ಆಗಲೇ ಒಂದು ಸುತ್ತು ಹಾಕಿಕೊಂಡಿತ್ತು; ಅದನ್ನು ಹರಿಯದಂತೆ ಬಿಡಿಸಲು ಬಹಳ ಹೊತ್ತು ಹಿಡಿಯಿತು. ಹನ್ನೆರಡನೆಯದು ಬಂದೊಡನೆ ಬಾಗಿಲ ಬಳಿ ಏನೋ ಒತ್ತಿದ ಸದ್ದು, ಜೇಬಿನಲ್ಲಿ ಟಿಂಗ್. ‘ತೃಪ್ತಿ.’ ಈಗ ಬಾಕಿ ಸೊನ್ನೆ. ಗಂಟೆ ಏಳಾಗಿತ್ತು, ಸಭೆ ಮುಗಿದು ಬಾಗಿಲು ಹಾಕಿತ್ತು.

ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಹಬೆಯಾಡುತ್ತಿತ್ತು. ಯಾರಿಗಾದರೂ ಹೇಳಿಕೊಳ್ಳಬೇಕೆನ್ನಿಸಿತು, ಯಾರಿಗೆಂದು ಹೊಳೆಯಲಿಲ್ಲ. ಕೊನೆಗೆ ಮೊಬೈಲ್ ತೆಗೆದು, ಹೆಸರು ಹಾಕದೆ, ಎರಡು ಬೆರಳಲ್ಲಿ ನಿಧಾನವಾಗಿ ಒತ್ತಿದರು: ‘ಹೊರಗಿನ ಕೆಲಸ ಬಿಡುವುದಕ್ಕಾಗಲಿಲ್ಲ. ಒಳಗಿನ ಕೆಲಸಕ್ಕೆ ಬಿಡುತ್ತಿಲ್ಲ.’

ಟಿಂಗ್. ಬಾಕಿ ಒಂದಾಯಿತು. ಅದರ ಬೆನ್ನಿಗೇ ಉತ್ತರವೂ ಬಂತು.

‘ನಿಮ್ಮ ಅಹವಾಲು ಗಮನಕ್ಕೆ ಬಂದಿದೆ. ಕಾರ್ಯದರ್ಶಿಗಳು ಶೀಘ್ರವೇ ನಿಮ್ಮನ್ನು ಭೇಟಿಯಾಗುತ್ತಾರೆ.’

ಸಾಹೇಬರು ಅದನ್ನು ಎರಡು ಸಲ ಓದಿದರು. ಅಷ್ಟರಲ್ಲಿ ಚಹಾ ಆರಿತ್ತು.