ಕದಿರು ಕಟ್ಟಿದ ರಿಕ್ಷಾ ಮತ್ತು ಕಂತಿನ ಫೋನು

ಕಂತು ಒಂದು ತಪ್ಪಿದರೆ ಫೋನ್ ಬರುತ್ತದೆ, ಎರಡು ತಪ್ಪಿದರೆ ದಿನಾ ಬರುತ್ತದೆ, ಮೂರು ತಪ್ಪಿದರೆ ನಾವು ಊಟಕ್ಕೆ ಕೂತದ್ದೂ ಅವರಿಗೆ ಅಲ್ಲಿಂದಲೇ ಗೊತ್ತಾಗುತ್ತದೆ. ನನ್ನದು ಬಸ್ರೂರಿನಲ್ಲಿ ಸಾಲದ ಮೇಲೆ ತೆಗೆದ ಒಂದು ಗೂಡ್ಸ್ ರಿಕ್ಷಾ. ಮದುವೆಮನೆಗಳಿಗೆ ಕುರ್ಚಿ, ಶಾಮಿಯಾನ, ಅಡುಗೆಯ ಪಾತ್ರೆ ಸಾಗಿಸುವುದು ಕೆಲಸ. ಮಳೆಗಾಲದಲ್ಲಿ ಮದುವೆಗಳಿಲ್ಲ, ಆದರೆ ಕಂತಿಗೆ ಆಷಾಢವಿಲ್ಲ. ಹೋದ ಮಳೆಗಾಲದಲ್ಲಿ ಹಾಗೆ ಮೂರು ಕಂತು ಬಾಕಿಯಾಯಿತು. ರಿಕ್ಷಾ ಹೋದರೆ ಮನೆಯ ಅನ್ನವೇ ಹೋದಂತೆ, ಹಾಗಾಗಿ ನನಗೆ ನಿಜವಾಗಿಯೂ ಹೆದರಿಕೆಯಿತ್ತು. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

೧. ಅಮ್ಮ ಫೋನ್ ಎತ್ತಿದಳು

ಸಾಲ ಕೊಟ್ಟ ಕಂಪೆನಿಯಿಂದ ಮಾತಾಡುತ್ತಿದ್ದದ್ದು ಒಬ್ಬಳು ಹುಡುಗಿ. ಬೆಂಗಳೂರಿನ ಆಫೀಸು, ಸಕ್ಕರೆಯಂಥ ದನಿ. ನಾನು 'ಮುಂದಿನ ವಾರ ಖಂಡಿತ' ಎಂದಾಗಲೆಲ್ಲ ಅವಳದ್ದು ಒಂದೇ ಮಾತು: "ಸಾರ್, ಕೊಡೋ ಮನಸ್ಸಿದ್ರೆ ಇವತ್ತೇ ಕೊಡಬಹುದು." ಕೇಳಿ ಕೇಳಿ ಅದು ನನಗೆ ಬಾಯಿಪಾಠವಾಗಿತ್ತು.

ಒಂದು ದಿನ ನಾನು ಸ್ನಾನಕ್ಕೆ ಹೋದಾಗ ಫೋನು ಅಮ್ಮನ ಕೈಗೆ ಸಿಕ್ಕಿತು. ಯಾರೇ ಮಾತಿಗೆ ಸಿಕ್ಕಿದರೂ ನಮ್ಮ ಅಮ್ಮನಿಗೆ ಮೊದಲು ಊರು, ಆಮೇಲೆ ಮನೆ, ಆಮೇಲೆ ವಿಷಯ. ಹುಡುಗಿಯ ಊರು ಯಾವುದು, ಅಪ್ಪನಿಗೆ ಏನು ಕೆಲಸ, ರೂಮಿನಲ್ಲಿ ಅಡುಗೆ ಮಾಡುವವರು ಯಾರು ಎಂದೆಲ್ಲ ವಿಚಾರಿಸಿದಳು. ಅವಳು ಬೆಳಿಗ್ಗೆ ತಿಂಡಿ ತಿಂದಿಲ್ಲ ಎಂಬುದು ಹೊರಬಿತ್ತು. ಇನ್ನು ಕಂತಿನ ವಿಷಯಕ್ಕೆ ಬರುವ ಪ್ರಶ್ನೆಯೇ ಇಲ್ಲ. ನಾನು ತಲೆ ಒರೆಸಿಕೊಂಡು ಬರುವಾಗ ಅಮ್ಮ ಹೇಳುತ್ತಿದ್ದಳು:

"ಖಾಲಿ ಹೊಟ್ಟಿಯಗೆ ಇಷ್ಟೆಲ್ಲ ಮಾತಾಡುಕಾಗ ಹೆಣೆ. ಮೊದ್ಲ್ ಎಂತಾರೂ ತಿನ್ನ್. ನಾನ್ ಕಾಯ್ತೆ, ಫೋನ್ ಇಡುದಿಲ್ಲ."

ಇಟ್ಟದ್ದು ಆ ಹುಡುಗಿಯೇ. ಕಂತಿನವರು ತಾವಾಗಿ ಫೋನ್ ಇಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಮರುದಿನದಿಂದ ನಾನು ಹಲೋ ಎಂದ ಕೂಡಲೇ ಅವಳು ಮೆಲ್ಲಗೆ ಕೇಳತೊಡಗಿದಳು: "ಸಾರ್, ಅಮ್ಮ ಹತ್ರ ಇಲ್ಲ ಅಲ್ವಾ?"

೨. ಗುರುತಿಲ್ಲದ ನಂಬರು

ಆಮೇಲೆ ದಿನಕ್ಕೊಂದು ಹೊಸ ನಂಬರಿನಿಂದ ಬರತೊಡಗಿತು. ಒಂದನ್ನು ಬ್ಲಾಕ್ ಮಾಡಿದರೆ ಇನ್ನೊಂದು. ಕಡೆಗೆ ಗುರುತಿಲ್ಲದ ನಂಬರು ಎತ್ತುವುದೇ ಇಲ್ಲ ಎಂದು ತೀರ್ಮಾನಿಸಿದೆ. ಒಂದು ಮಂಗಳವಾರ ಒಂದೇ ನಂಬರಿನಿಂದ ಹತ್ತು ಸಲ ಬಂತು. ಹತ್ತು ಸಲವೂ ಎತ್ತಲಿಲ್ಲ. ನನ್ನ ಗಟ್ಟಿತನವನ್ನು ನಾನೇ ಮೆಚ್ಚಿಕೊಂಡು ಒಂದು ಚಾ ಕುಡಿದೆ.

ಸಂಜೆ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ರಿಕ್ಷಾದವ ಸಿಕ್ಕಿದ. ಬ್ರಹ್ಮಾವರದಲ್ಲಿ ಯಾರೋ ಮನೆ ಖಾಲಿ ಮಾಡಿದ್ದರಂತೆ, ಬೈಂದೂರಿಗೆ ಸಾಮಾನು ಸಾಗಿಸುವುದಿತ್ತಂತೆ, ಎರಡು ಟ್ರಿಪ್ಪು, ಒಳ್ಳೆಯ ಬಾಡಿಗೆ. ಅವನ ಮುಖ ಅರಳಿತ್ತು.

"ಹ್ವಾಯ್, ಮೊದ್ಲ್ ನಿಂಗೇ ಮಾಡಿದ್ದಂಬ್ರ್. ಹತ್ ಸಲ ಮಾಡ್ರೂ ನೀ ಎತ್ತಲ್ಯಂಬ್ರ್" ಎಂದ.

ಹೊಟ್ಟೆ ಉರಿದುಹೋಯಿತು. ಅಂದಿನಿಂದ ಎಲ್ಲ ಫೋನನ್ನೂ ಎತ್ತಿ, ಹಲೋ ಎನ್ನುವ ಬದಲು ನೇರವಾಗಿ "ಬಾಡಿಗೆಯಾ, ಕಂತಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಮೊದಲ ಸಲವೇ ಸಿಕ್ಕಿದವಳು ಅದೇ ಹುಡುಗಿ. "ಕಂತು ಸಾರ್" ಎಂದಳು. "ಆದ್ರೆ ಬಾಡಿಗೆ ಬರ್ಲಿ ಅಂತ ನಿಮಗಿಂತ ಜಾಸ್ತಿ ನಾವೇ ಕಾಯ್ತಾ ಇದೀವಿ."

೩. ಹೊಸ್ತಿನ ದಿನ ಬಂದ ನೆಂಟ

ಫೋನಿನಲ್ಲಿ ಆಗದ್ದನ್ನು ಕಂಪೆನಿ ಮನುಷ್ಯನಿಂದ ಮಾಡಿಸಲು ಹೊರಟಿತು. ನಾಳೆ ಒಬ್ಬರು ಬಂದು ಗಾಡಿ ತೆಗೆದುಕೊಂಡು ಹೋಗುತ್ತಾರೆ ಎಂದು ಹುಡುಗಿ ಹೇಳಿದಳು. ಅವಳ ದನಿಯಲ್ಲೂ ಬೇಸರವಿತ್ತು. ಅವತ್ತು ನನಗೆ ಅನ್ನ ಸೇರಲಿಲ್ಲ. ಅಮ್ಮನಿಗೆ ಹೇಳಿದರೆ, ನಾಳೆ ಹೊಸ್ತಲ್ಲವಾ, ಒಂದು ಎಲೆ ಹೆಚ್ಚು ಹಾಕಿದರಾಯಿತು ಎಂದುಬಿಟ್ಟಳು.

ಹೊಸ್ತು ಎಂದರೆ ನಮ್ಮಲ್ಲಿ ಹೊಸ ಅಕ್ಕಿಯ ಊಟ. ಅದಕ್ಕೆ ಮೊದಲು ಗದ್ದೆಯಿಂದ ತಂದ ಭತ್ತದ ಕದಿರನ್ನು, ಅಂದರೆ ತೆನೆಯನ್ನು, ಮಾವಿನೆಲೆ, ಹಲಸಿನೆಲೆಯ ಜೊತೆ ಸೇರಿಸಿ ಬಾಗಿಲು, ಬಾವಿ, ಒರಳು ಎಲ್ಲದಕ್ಕೂ ಕಟ್ಟಬೇಕು. ನಾನು ಒರಳಿಗೆ ಕಟ್ಟುತ್ತಿರುವಾಗಲೇ ಕಂಪೆನಿಯ ಮನುಷ್ಯ ಬಂದ. ಇಲ್ಲೇ ಹತ್ತಿರದ ಶಂಕರನಾರಾಯಣ ಊರಿನವ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಹೋಗುವಾಗ ನನ್ನ ರಿಕ್ಷಾದಲ್ಲೇ ಹೋಗುವ ಅಂದಾಜಿನಲ್ಲಿ ಬಸ್ಸಿನಲ್ಲಿ ಬಂದಿದ್ದ. ಅಮ್ಮ ಬೆಲ್ಲ, ನೀರು ಕೊಟ್ಟಳು. ಆಮೇಲೆ ಅವನ ಎತ್ತರ ನೋಡಿ ಕೈಗೆ ಕದಿರು ಹಿಡಿಸಿದಳು, ಬಾಗಿಲ ಮೇಲಿನ ಮೊಳೆ ನನಗೆ ಎಟಕುವುದಿಲ್ಲ. ಈ ಕಡೆಯವನೇ ಆದ ಮೇಲೆ ಕದಿರು ಬೇಡ ಎನ್ನುವುದು ಹೇಗೆ? ಚಪ್ಪಲಿ ಕಳಚಿಟ್ಟು ಕಟ್ಟಿದ.

"ಹಂಗೇ ಆ ರಿಕ್ಷಾಕ್ಕೂ ಒಂದ್ ಕಟ್ಟ್ ಮಗಾ" ಎಂದಳು ಅಮ್ಮ.

ರಿಕ್ಷಾದ ಕನ್ನಡಿಗೆ ಎರಡು ಗಂಟು ಹಾಕಿ ಚೆಂದ ಮಾಡಿ ಕಟ್ಟಿದ. ಅಮ್ಮ ಬೇಕೆಂದೇ ಹೇಳಿದಳೋ, ಬಾಯಿಗೆ ಬಂದದ್ದನ್ನು ಹೇಳಿದಳೋ, ನನಗೆ ಇಂದಿಗೂ ಗೊತ್ತಿಲ್ಲ.

ಊಟವಾಯಿತು. ಪಾಯಸವನ್ನು ಎರಡು ಸಲ ಹಾಕಿಸಿಕೊಂಡ. ಕೈ ತೊಳೆದು ಬಂದು, ತಲೆ ತಗ್ಗಿಸಿ, ಗಾಡಿಯ ಕೀ ಕೇಳಿದ. ಅಮ್ಮ ಸಿಟ್ಟು ಮಾಡಲಿಲ್ಲ.

"ಕೀ ಕೊಡ್ಲಕ್ಕ್. ಆದ್ರೆ ಕದಿರ್ ಕಟ್ಟಿದ್ ದಿನ ಮನಿಂದ ಎಂತದೂ ಹೊರ್ಗ್ ಹೋಪುಕಿಲ್ಲ. ನಿನ್ನ್ ಅಪ್ಪಯ್ಯ ಅಬ್ಬಿ ಹೇಳಿ ಕೊಡಲ್ಯಾ?"

ಅವನು ಅಂಗಳಕ್ಕೆ ಹೋಗಿ ಆಫೀಸರಿಗೆ ಫೋನ್ ಮಾಡಿದ. ಆಫೀಸರೂ ಈ ಕಡೆಯವರೇ, ಬೈಂದೂರಿನವರಂತೆ. ಬೈಗುಳ ಜಗಲಿಯವರೆಗೂ ಕೇಳಿಸುತ್ತಿತ್ತು. "ಗಾಡಿಗೆ ಕದಿರ್ ಕಟ್ಟಿತ್ ಸಾರ್" ಎಂದ ಮೇಲೆ ಆಚೆಯ ದನಿ ಇಳಿಯಿತು. ಕಟ್ಟಿದ್ದು ಯಾರು ಎಂದು ಕೇಳಿರಬೇಕು.

"ನಾನೇ ಸಾರ್."

ಫೋನ್ ಇಟ್ಟು ಬಂದವನು ದೀಪಾವಳಿಯವರೆಗೆ ಸಮಯ ಕೊಟ್ಟಿದ್ದಾರೆ ಎಂದ. ಸುಳ್ಳು ಯಾಕೆ, ನನ್ನ ಕಣ್ಣಲ್ಲಿ ನೀರು ಬಂತು.

ಅವನನ್ನು ಬಸ್ಸಿಗೆ ಬಿಟ್ಟು ಬರೋಣವೆಂದರೆ ರಿಕ್ಷಾ ಮನೆ ದಾಟುವಂತಿಲ್ಲ. ಪಾಪ, ನಡೆದೇ ಹೊರಟ. ಅಮ್ಮ ಅವನ ಮನೆಯವರಿಗೆಂದು ಸ್ಟೀಲ್ ಡಬ್ಬಿಯಲ್ಲಿ ಪಾಯಸ ತುಂಬಿ ಕೊಟ್ಟಳು. ಎಂತದೂ ಹೊರಗೆ ಹೋಗಬಾರದು ಎಂದಿರಲ್ಲ ಎಂದು ಅವನು ಕೇಳಿಯೇಬಿಟ್ಟ.

"ಇದ್ ಕೊಡುದಲ್ಲ ಕಾಣ್, ಸಾಲ. ಡಬ್ಬಿ ವಾಪಸ್ ತಂದ್ ಕೊಡ್ಕ್."

ದೀಪಾವಳಿಯ ಹೊತ್ತಿಗೆ ಮದುವೆ ಬಾಡಿಗೆಗಳ ಮುಂಗಡ ಬಂತು, ಮೂರು ಕಂತೂ ತೀರಿತು. ರಿಕ್ಷಾ ಅಂಗಳದಲ್ಲೇ ಇದೆ, ಕದಿರು ಕನ್ನಡಿಯಲ್ಲೇ ಇದೆ. ತೀರದೆ ಉಳಿದದ್ದು ಡಬ್ಬಿ ಮಾತ್ರ. ಅದು ಅವನ ಹೆಂಡತಿಯ ಜೊತೆ ಕೆರಾಡಿಯ ತವರಿಗೆ ಹೋಗಿ ಅಲ್ಲೇ ಉಳಿದುಬಿಟ್ಟಿದೆಯಂತೆ. ಅಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವನಿಗೆ ಫೋನ್ ಮಾಡುತ್ತಾಳೆ. ಎತ್ತದಿದ್ದರೆ ಪಕ್ಕದ ಮನೆಯವರ ನಂಬರಿನಿಂದ ಮಾಡುತ್ತಾಳೆ.

ಮೊನ್ನೆ ಅವನೇ ನನಗೆ ಫೋನ್ ಮಾಡಿದ. "ಅಮ್ಮಂಗೆ ಒಂಚೂರ್ ಹೇಳಿ ಮಾರ್ರೆ, ಮುಂದಿನ್ ವಾರ ಖಂಡಿತ" ಎಂದ.

ನಾನು ದನಿಗೆ ಆದಷ್ಟು ಸಕ್ಕರೆ ಬೆರೆಸಿ ಹೇಳಿದೆ: "ಸಾರ್, ಕೊಡೋ ಮನಸ್ಸಿದ್ರೆ ಇವತ್ತೇ ಕೊಡಬಹುದು."