ಕಾಲಿನ ದಾಡಿ

ಕೂದ್ಲದ ವಿಷಯಕ್ಕ ಬಂದ್ರ ನಮ್ಮ ಮಿರಜ್ ಮಂದಿ ಸುಮ್ಮ ಕುಂದ್ರೂದಿಲ್ಲ. ತಲಿ ಬೋಳಿಸ್ಕೊಂಡು ಬಂದ್ರ “ಯಾರ್ ಹೋದ್ರು?” ಅಂತ ಕೇಳ್ತಾರ. ದಾಡಿ ಬಿಟ್ರ “ತಬ್ಯೇತ್ ಬರೋಬರ್ ಇಲ್ಲೇನು?” ಅಂತಾರ. ಕಾಲಿನ ಕೂದ್ಲ ತಗದ್ರ ಏನು ಕೇಳಬೇಕು ಅನ್ನೂದು ಯಾರಿಗೂ ಗೊತ್ತಿಲ್ಲ, ಅದಕ್ಕ ಬಾಯಿಗೆ ಬಂದದ್ದು ಕೇಳ್ತಾರ. ಹೋದ ವರ್ಷ ನಾ ಎರಡೂ ಕಾಲು ನುಣ್ಣಗ ಬೋಳಿಸ್ಕೊಂಡೆ. ಅದರಿಂದ ನನ್ನ ಲಗ್ನ ಮುರಿಯೂದೊಂದು ಬಾಕಿ ಇತ್ತು.

ನನ್ನ ವಯಸ್ಸು ಮೂವತ್ತೆರಡು. ನಮ್ಮದು ಜೈನ ಮನಿ. ಲಿಂಗನೂರಾಗ ಹೊಲ, ಮಿರಜ್ ಪ್ಯಾಟ್ಯಾಗ ಕೊಡ, ತಾಟು, ಡಬರಿ ಮಾರೂ ಭಾಂಡೆ ಅಂಗಡಿ. ಆಗ ಆರಗದಾಗ ಒಂದು ಹುಡುಗಿ ನೋಡಿ ಬಂದಿದ್ವಿ, ಸಾಲ್ಯಾಗ ಟೀಚರ್. ಅವಲಕ್ಕಿ ತಾಟು ಕೊಡೂಮುಂದ ಆಕಿ ಒಂದ ಸಲ ನಕ್ಕಿದ್ಲು, ನನಗ ಅಷ್ಟ ಸಾಕಾಗಿತ್ತು. ಹುಡುಗಿ ಕಡ್ಯಾವ್ರು “ಸಾವಕಾಶ ತಿಳಸ್ತೇವಿ” ಅಂದು ತಿಂಗಳ ಮಾಡಿದ್ರು. ಹಾದಿ ನೋಡಿ ನೋಡಿ ತಲಿ ಕೆಟ್ಟು ನಾ ಸೈಕಲ್ ಮಂದಿ ಜೋಡಿ ಸೇರ್ಕೊಂಡೆ, ಅವ್ರ ಮಾತಿಗೆ ಸಕ್ಕರಿ, ಕರದದ್ದು ಎರಡೂ ಬಿಟ್ಟೆ.

೧. ಮೂರು ಮಂದಿ, ಮೂರು ಕಾರಣ

ಐತ್ವಾರಕ್ಕೊಮ್ಮೆ ಮುಂಜಾನೆ ನಾಕಕ್ಕ ಎದ್ದು ಸಾಂಗಲಿ ದಾಟಿ ಹರಿಪುರದ ನದಿ ತನಕ ಹೋಗಿ ಬರೂದು. ಮೊದಲನೇ ದಿನಾನ ನೋಡಿದೆ, ಒಬ್ಬರ ಕಾಲಿನ್ಯಾಗೂ ಒಂದು ಕೂದ್ಲ ಇಲ್ಲ. ನಮ್ಮ ಗುಂಪಿನ ಹಿರಿಯರು ಒಬ್ಬ ಹಲ್ಲಿನ ಡಾಕ್ಟರು, ಮರಾಠಿಯವ್ರು. ನನ್ನ ಕಾಲು ನೋಡಿ “ಹೇ ಕಾಯ್, ಅಸ್ವಲ್?” ಅಂದ್ರು. ಕರಡಿ ಅಂದ್ರು ನನಗ!

“ಯಾಕ ತಗೀತೀರಿ ಸರ್?” ಅಂತ ಕೇಳಿದೆ.

“ಬಿದ್ರ ಗಾಯದಾಗ ಮಣ್ಣು ಸಿಗೂದಿಲ್ಲ, ಪಟ್ಟಿ ಕೀಳೂಮುಂದ ಜೀವ ಹೋಗೂದಿಲ್ಲ” ಅಂದ್ರು.

“ಬಿದ್ರ ಮೊದಲ ಮೊಳಕೈ ತರಚತೈತಲ್ರಿ, ಕೈಯಿನ ಕೂದ್ಲ ಯಾಕ ಬಿಟ್ಟೀರಿ?”

ಸರ್ ತಮ್ಮ ಕೈ ನೋಡ್ಕೊಂಡ್ರು, ಬಾಟಲಿ ತಗದು ನೀರ್ ಕುಡದ್ರು, ಮುಂದ ಹೋಗೇ ಬಿಟ್ರು.

ಇನ್ನೊಬ್ಬ ಅಂದ, “ಮಾಲೀಶ್ ಮಾಡಾಕ ಚಲೋ ಆಗತೈತಿ.” “ನಿಮ್ಮ ಕಾಲು ಯಾರು ತಿಕ್ಕತಾರ?” ಅಂದೆ. “ಯಾರೂ ಇಲ್ಲ” ಅಂತ ಸಣ್ಣ ಮಾರಿ ಮಾಡ್ಕೊಂಡ. ಪಾಪ ಅನಿಸ್ತು.

ಮೂರನೇದಾವ್ರು ಭಾರಿ ಆಸಾಮಿ, ಅವ್ರ ಹೊಟ್ಟಿ ಹ್ಯಾಂಡಲ್‌ಗೆ ಹತ್ತತಿತ್ತು. “ಗಾಳಿ ತಮ್ಮಾ, ಗಾಳಿ! ಕಾಲಿನ ಕೂದ್ಲ ಗಾಳಿ ಹಿಡದು ಸೈಕಲ್ ಜಗ್ಗತೈತಿ” ಅಂದ್ರು.

“ಅಣ್ಣಾರ, ಆ ಗಾಳಿ ನಿಮ್ಮ ಹೊಟ್ಟಿ ದಾಟಿ ಕಾಲಿಗೆ ಮುಟ್ಟಿದ್ರ ಅಲ್ಲೇನ್ರಿ!”

೨. ಯಾವ ದವಾಖಾನಿ?

ಒಂದು ಕಾರಣಾನೂ ನನಗ ಖರೇ ಅನಿಸಲಿಲ್ಲ. ಆದ್ರ ಮುಂದಿನ ಐತ್ವಾರ ಸಾಲಾಗಿ ನಿಂತಾಗ ನುಣ್ಣನ ಕಾಲುಗಳ ನಡಕ ನನ್ನವು ಎರಡ ಎದ್ದು ಕಾಣತಿದ್ವು. ಆತು ಬಿಡು ಅಂತ ಪ್ಯಾಟಿ ಹಿಂದಿನ ಸಲೂನ್ ಕಾಕಾನ ಕಡೆ ಹೋದೆ. ನಾ ಕೂಸಿದ್ದಾಗ ನನ್ನ ಜಾವಳ ತಗದವ್ರೂ ಅವ್ರ.

“ಕಾಕಾ, ದಾಡಿ” ಅಂದೆ. ಕುತ್ತಿಗಿಗೆ ಬಟ್ಟಿ ಸುತ್ತಿ ಬ್ರಷ್ ಗಲ್ಲದ ಹತ್ರ ತಂದ್ರು.

“ಮಾರಿಗಲ್ರಿ, ಕಾಲಿಗೆ.”

ಬ್ರಷ್ ಅಲ್ಲೇ ನಿಂತು ಬಿಡ್ತು. ಮಿರಜ್ ಅಂದ್ರ ದವಾಖಾನಿಗಳ ಊರು. ಆಪರೇಷನ್‌ಕಿಂತ ಮೊದಲ ಪೇಶಂಟ್ ಮೈಕೂದ್ಲ ತಗಿಯಾಕ ಕಾಕಾನ್ನ ಎಷ್ಟೋ ಸಲ ಕರದೊಯ್ದಾರ. ಅವ್ರ ದನಿ ಒಮ್ಮಿಗಲೆ ಮೆತ್ತಗಾತು.

“ಯಾವ ದವಾಖಾನ್ಯಾಗ ಐತಿ?”

“ಆಪರೇಷನ್ ಇಲ್ರಿ ಕಾಕಾ.”

“ಅಂಜಬ್ಯಾಡ್ರಿ. ಒಂದ ಕಾಲೋ, ಎರಡೂನೋ?”

“ಎರಡೂ.”

“ಅಯ್ಯ ಶಿವನ! ಈ ವಯಸ್ಸಿನ್ಯಾಗ!”

ಬೆಂಚಿನ ಮ್ಯಾಲೆ ಕುಂತವ್ರು ಪೇಪರ್ ಮಡಚಿ ಇಟ್ರು. ಒಬ್ಬಾಂವ “ಇನ್ನೊಬ್ಬ ಡಾಕ್ಟರಿಗೂ ತೋರಸ್ರಿ, ಒಬ್ಬರ ಮಾತು ಕೇಳಬಾರ್ದು” ಅಂದ. ಅವನ ಬಾಜೂಕ ಒಬ್ಬ ಮುದುಕ ತನ್ನ ಮೊಣಕಾಲು ಹಿಡಕೊಂಡು “ನನ್ನವೂ ರಾತ್ರಿ ಹಗಲಾ ನೋಯ್ತಾವಪಾ. ಕೂದ್ಲ ತಗೀ ಅಂತ ಹೇಳಿದ ಡಾಕ್ಟರ್ ಯಾರು?” ಅಂತ ಕೇಳಿದ.

ಹಿರಿಯರ ಮುಂದ ಸುಳ್ಳು ಹ್ಯಾಂಗ ಹೇಳೂದು? “ಹಲ್ಲಿನ ಡಾಕ್ಟರ್ರು” ಅಂದೆ.

ಮುದುಕ ಮೊಣಕಾಲು ಬಿಟ್ಟು ಗಲ್ಲ ಹಿಡಕೊಂಡ.

೩. ಆಯಿ ಅತ್ತದ್ದು

ಹೊತ್ತು ಮುಳುಗೂದ್ರೊಳಗ ನಮ್ಮ ಮನ್ಯಾಗ ಊಟ ಆಗಬೇಕು. ಅವತ್ತು ಅರ್ಧ ಚಡ್ಡಿ ಮ್ಯಾಲೆ ಬಂದು ಆಯಿ ಬಾಜೂಕ ಚಕ್ಕಳಮಕ್ಕಳ ಹಾಕಿ ಕುಂತೆ. ಆಯಿ ಅಂದ್ರ ನಮ್ಮಪ್ಪನ ಅವ್ವ. ನನ್ನ ಕಾಲಿನ ಮ್ಯಾಲೆ ಕೈ ಆಡಿಸಿದ್ಲು. ಮತ್ತೊಮ್ಮೆ ಆಡಿಸಿದ್ಲು. ಕಣ್ಣಾಗ ನೀರು ಬಂದ್ವು.

“ಖರೇನ ನಿಶ್ಚಯ ಮಾಡಿದೇನೋ ನನ್ನ ಬಂಗಾರಾ?”

“ಏನ ಆಯಿ?”

“ಮುಚ್ಚಬ್ಯಾಡ. ಸಕ್ಕರಿ ಬಿಟ್ಟಿ. ಕರದದ್ದು ಬಿಟ್ಟಿ. ನಾಕಕ್ಕ ಎದ್ದು ನದಿ ಕಡೆ ಹೋಗ್ತಿ. ಈಗ ಕೇಶಲೋಚಾನೂ ಸುರು ಮಾಡಿ!”

ನಮ್ಮ ದಿಗಂಬರ ಮುನಿಗಳು ಬ್ಲೇಡು, ಕತ್ತರಿ ಮುಟ್ಟೂದಿಲ್ಲ. ತಲಿಕೂದ್ಲ, ಗಡ್ಡ ಎರಡೂ ತಮ್ಮ ಕೈಲೆ ಕಿತ್ತು ತಗೀತಾರ. ಅದಕ್ಕ ಕೇಶಲೋಚ ಅಂತಾರ. ಮೊಮ್ಮಗ ದೀಕ್ಷಾ ತಗೊಳ್ಳಾಕ ಹೊಂಟಾನ, ಅಭ್ಯಾಸಕ್ಕ ಅಂತ ಕಾಲಿಂದ ಸುರು ಮಾಡ್ಯಾನ ಅಂತ ಆಯಿ ಲೆಕ್ಕಾ ಹಾಕಿದ್ಲು.

“ನಮ್ಮ ಕುಲಕ್ಕ ಪುಣ್ಯ ಬಂತು” ಅಂತ ಕೈ ಮುಗದ್ಲು. ಮರುಘಳಿಗ್ಯಾಗ “ಆದ್ರ ಲಗ್ನಾಗಿ ಒಂದ್ ಕೂಸು ನನ್ನ ಕೈಯಾಗ ಕೊಟ್ಟು ಹೋಗಿದ್ರ ಏನಾಗತಿತ್ತೋ!” ಅಂತ ಅತ್ಲು. ಹಂಗೂ ಅಳತಾಳ, ಹಿಂಗೂ ಕೈ ಮುಗೀತಾಳ. ನನಗ ನಗು, ಸಂಕಟ ಎರಡೂ ಒಮ್ಮೆಲೆ ಬಂದ್ವು.

“ಆಯಿ, ದೀಕ್ಷಾನೂ ಇಲ್ಲ, ಏನೂ ಇಲ್ಲ. ಸಲೂನಿನ್ಯಾಗ ಬ್ಲೇಡಿಲೆ ತಗಸ್ಕೊಂಡ್ ಬಂದೇನಿ.”

ಆಯಿ ಅಳೂದು ನಿಂದರಿಸಿ ನನ್ನ ಕಾಲಿಗೆ ಒಂದು ಏಟು ಹಾಕಿದ್ಲು. “ಬ್ಲೇಡು? ಸುಡ್ಲಿ ನಿನ್ನ! ಮಾಡೂದಿದ್ರ ನೆಟ್ಟಗ ಮಾಡಬೇಕು!”

೪. ಕಮಂಡಲು

ಸೈಕಲ್, ಗಾಳಿ, ಗಾಯ ಅಂತ ನಾ ಎಷ್ಟ ಹೇಳಿದ್ರೂ ಆಯಿ ನಂಬಲಿಲ್ಲ. ತನ್ನ ತಂಗಿಗೆ ಫೋನ್ ಮಾಡಿ ಎಲ್ಲಾ ಹೇಳಿದ್ಲು. ಆಯಿ ತಂಗಿ ಇರೂದು ಯಾವ ಊರಾಗಂತೀರಿ? ಆರಗದಾಗ! ನಾ ತಲಿ ಮ್ಯಾಲೆ ಕೈ ಹೊತ್ತು ಕುಂತೆ.

ಮರುದಿನ ಸುದ್ದಿ ಪ್ಯಾಟಿಗೂ ಮುಟ್ಟಿತ್ತು. ಅಂಗಡಿಗೆ ಬಂದ ಗಿರಾಕಿ ಒಬ್ಬಾಕಿ ಮಾವಶಿ ಕುಕ್ಕರ್ ಕೇಳೂದು ಬಿಟ್ಟು ನನಗ ನಮಸ್ಕಾರ ಮಾಡಿದ್ಲು. ಬಾಜೂ ಅಂಗಡಿಯಾಂವ “ಅಂಗಡಿ ಕೊಡೂದಿದ್ರ ಮೊದಲ ನನಗ ಹೇಳ್ರಿ” ಅಂತ ಟೇಪ್ ತಂದು ಬಾಗಲದ ಅಗಲ ಅಳದ. ನನಗ ಸಿಟ್ಟು ನೆತ್ತಿಗೇರಿತು.

ಮುನಿಗಳ ಕೈಯಾಗ ನೀರಿನ ಕಮಂಡಲು ಇರತೈತಲ್ಲ, ಮಾವಶಿ ಅದನ್ನ ನೆನಸ್ಕೊಂಡು ಸುತ್ತಲೂ ಜೋಡಿಸಿಟ್ಟ ಭಾಂಡೆ ನೋಡಿದ್ಲು. “ನಿಮಗೇನ್ ಬಿಡ್ರಿ, ಕಮಂಡಲೂನೂ ಮನೀದ. ಚಲೋದ್ ನೋಡಿ ಆರಿಸ್ಕೊಳ್ರಿ” ಅಂದ್ಲು.

೫. ಮಾಳಿಗಿ ಮ್ಯಾಲೆ

ಐತ್ವಾರ ಸೈಕಲ್ ತುಳದು ಬೆವತು ಮನಿಗೆ ಬಂದ್ರ ಪಡಸಾಲ್ಯಾಗ ಹುಡುಗಿ ಕಾಕಾ, ಅವ್ವ, ಸ್ವತಾ ಹುಡುಗಿ. ಹೇಳದ ಕೇಳದ ಬಂದಿದ್ರು. ನಾ ಅರ್ಧ ಚಡ್ಡ್ಯಾಗ. ಎಲ್ಲಾರ ಕಣ್ಣು ನನ್ನ ಕಾಲಿನ ಮ್ಯಾಲೆ.

“ಕುಂದ್ರಿ” ಅಂದ್ರು ಕಾಕಾ, ನಮ್ಮ ಮನ್ಯಾಗ ನನಗ. “ಹುಡುಗ ದೀಕ್ಷಾ ತಗೋತಾನ ಅಂತ ಕಿವಿಗೆ ಬಿತ್ತು. ಪುಣ್ಯದ ಕೆಲಸ, ನಾವು ಅಡ್ಡ ಬರೂದಿಲ್ಲ. ಆದ್ರ ಹುಡುಗಿ ಕೊಟ್ಟ ಮ್ಯಾಲೆ ತಗೊಂಡ್ರ ನಮ್ಮ ಗತಿ ಏನ್ರಿ?”

“ದೀಕ್ಷಾ ಅಲ್ರಿ, ಸೈಕಲ್‌ಕ್ಕ ತಗದೇನಿ. ಗಾಳಿ ಅಡ್ಡ ಬರತೈತಿ ನೋಡ್ರಿ.”

ಕಾಕಾ ಧೋತರ ಎತ್ತಿ ತಮ್ಮ ಕಾಲು ತೋರಿಸಿದ್ರು, ದಟ್ಟನ ಕೂದ್ಲ. “ಹರೇದಾಗ ಹಾಲಿನ ಕ್ಯಾನ್ ಕಟ್ಕೊಂಡು ಆರಗದಿಂದ ಮಿರಜ್‌ಕ್ಕ ದಿನಾ ಸೈಕಲ್ ಹೊಡದೇನಿ. ಒಂದ್ ದಿನಾನೂ ಅಡ್ಡ ಬಂದಿಲ್ಲ.” ಟೊಪಿಗಿ ತಲಿ ಮ್ಯಾಲಿಟ್ಟು ಏಳಾಕ ಹತ್ತಿದ್ರು. “ಬರ್ತೇವ್ರಿ.”

ಹೋತು, ಎಲ್ಲಾ ಹೋತು.

“ಕಾಕಾ, ಅವ್ರನ್ನ ನಾ ಒಂದ್ ಮಾತು ಕೇಳ್ತೇನಿ” ಅಂದ್ಲು ಹುಡುಗಿ. ಇಬ್ಬರ್ನೂ ಮಾಳಿಗಿಗೆ ಕಳಿಸಿದ್ರು.

“ಖರೇ ಹೇಳ್ರಿ. ಯಾಕ ತಗದ್ರಿ?”

ಗಾಯ, ಮಾಲೀಶು, ಗಾಳಿ ಮೂರೂ ನಾಲಿಗಿ ತುದಿಗೆ ಬಂದ್ವು. ಆದ್ರ ಈಕಿ ಮುಂದ ಸುಳ್ಳು ಹೇಳಿ ಸಂಸಾರ ಸುರು ಮಾಡೂದು ಬ್ಯಾಡ ಅನಿಸ್ತು. “ನನಗೂ ಗೊತ್ತಿಲ್ರಿ. ಎಲ್ಲಾರೂ ತಗೀತಾರ, ನಂದೊಂದ ಹಂಗ ಕಾಣತಿತ್ತು. ನಾಚಿಕಿ ಬಂತು, ತಗದೆ.”

ಆಕಿ ಕೆಳಗ ಕೇಳೂ ಹಂಗ ನಕ್ಲು. “ನಾವು ಹೆಣ್ಮಕ್ಕಳೂ ಅದಕ್ಕ ತಗಿಯೂದು! ಆದ್ರ ನಮ್ಮನ್ನ ಇಲ್ಲೀತನಕ ಒಬ್ರೂ ಯಾಕ ಅಂತ ಕೇಳಿಲ್ಲ ನೋಡ್ರಿ.”

ನಾನೂ ನಕ್ಕೆ. ತಿಂಗಳಿಂದ ಎದಿ ಮ್ಯಾಲೆ ಕುಂತಿದ್ದ ಭಾರ ಇಳದಂಗಾತು. ಆಕಿ ಎರಡು ಮೆಟ್ಟಲಾ ಇಳದು ತಿರುಗಿ ನಿಂತ್ಲು.

“ಕೆಳಗ ಹೋಗಿ ಹ್ಞೂಂ ಅಂತೇನಿ. ಆದ್ರ ಒಂದ್ ಕರಾರು.”

ಸೈಕಲ್ ಬಿಡು ಅಂತಾಳೇನೋ ಅಂತ ಅಂಜಿದೆ. “ಏನಿದ್ರೂ ಕಬೂಲ್, ಹೇಳ್ರಿ.”

“ಲಗ್ನಾದ ಮ್ಯಾಲೆ ನನ್ನ ರೇಜರ್ ಮುಟ್ಟಬಾರ್ದು!”